ಕಹಳೆಯ ಹೆಂಡತಿ

ಬರ್ನೊ,
11 ಮಾರ್ಚ್ 1990, ಭಾನುವಾರ

ದಾನ್ಯೂಬ್ ನದಿಯ ದಡವನ್ನು ಗದಗುಟ್ಟಿಸುತ್ತಿರುವ ಕಂಠದ ಒಡೆಯನೇ, ಇಪ್ಪತ್ತು ವರ್ಷ ಐದು ತಿಂಗಳಿಂದ ರಂಗಕ್ಕೆ ಬಾರದೆ ಒಳಗೇ ಉಳಿದಿರುವ ನನ್ನ ನಾಯಕನಟನೇ, ವೊಯ್ತಾ,

ಬೆಚ್ಚಬೇಡ. ಮೊದಲು ಕೂತುಕೋ. ಕನ್ನಡಕ ಎಲ್ಲಿದೆ, ಹಾಕಿಕೋ. ಅಕ್ಷರದ ಗುರುತು ಸಿಕ್ಕಿತೇ? ಹೌದು, ನಾನೇ. ನೀನು ವಿಯೆನ್ನಾದಿಂದ ಬರೆದ ಮೂರು ಕಾರ್ಡುಗಳಲ್ಲಿ ಒಂದಕ್ಕೂ ಉತ್ತರ ಬರೆಯದ ಯಾರ್ಕಾ.

ನಿನ್ನ ವಿಳಾಸ ಸಿಕ್ಕ ಕಥೆಯೇ ಒಂದು ಅಂಕ. ಡಿಸೆಂಬರ್‌ನಲ್ಲಿ ಗಡಿಯ ತಂತಿ ಕತ್ತರಿಸಿದರಲ್ಲ, ಊರಿಗೆ ಊರೇ ಬಸ್ಸು ಹತ್ತಿ ಆಸ್ಟ್ರಿಯಾ ನೋಡಲು ಹೊರಟಿತು. ನಮ್ಮ ನಾಟಕಶಾಲೆಯ ಉಡುಪಿನ ಕೋಣೆಯ ಬ್ಲಾಂಕಾ ಕೂಡ ಲಿಂಟ್ಸ್‌ಗೆ ಹೋದಳು. ಬಾಳೆಹಣ್ಣು ತರುತ್ತೇನೆಂದು ಹೋದವಳು ಕೈ ಬೀಸಿಕೊಂಡು ಬಂದು ನನ್ನ ಬಾಗಿಲು ಬಡಿದಳು. "ಯಾರ್ಕಾ, ಕೂತ್ಕೊಳೇ. ಹಡಗಿನ ಕಟ್ಟೆ ಹತ್ರ ನಿಂತಿದ್ದೆ. ಧ್ವನಿವರ್ಧಕದಲ್ಲಿ ಯಾರೋ ಜರ್ಮನ್‌ನಲ್ಲಿ ಹಡಗು ಹೊರಡೋ ಹೊತ್ತು ಹೇಳ್ತಿದ್ರು. ಹೇಳ್ತಿದ್ರು ಅಂದ್ರೆ ಏನು ಹೇಳೋದು ಕಣೇ, ರಾಜ ಯುದ್ಧ ಸಾರಿದ ಹಾಗಿತ್ತು! ನನ್ನ ಪಕ್ಕದ ಮುದುಕಿ ಟೋಪಿ ತೆಗೆದುಬಿಟ್ಟಳು. ನಾನು ಸೀದಾ ಟಿಕೆಟ್ ಕಿಂಡಿಗೆ ಹೋಗಿ ಬಗ್ಗಿ ನೋಡ್ದೆ. ಅವನೇ!"

ಮಾತಾಡಿಸಿದೆಯಾ ಎಂದು ಕೇಳಿದೆ. "ಧೈರ್ಯ ಬರ್ಲಿಲ್ಲ. ಅಷ್ಟ್ರಲ್ಲಿ ಒಬ್ಬಳು ಹೆಂಗಸು ಅವನಿಗೆ ಊಟದ ಡಬ್ಬಿ ತಂದುಕೊಟ್ಟಳು," ಎಂದು ಹೇಳಿ ಬ್ಲಾಂಕಾ ತನ್ನ ಬೂಟಿನ ಕಡೆ ನೋಡಿದಳು.

ಇರಲಿ. ಡಬ್ಬಿಯ ವಿಷಯ ಆಮೇಲೆ. ಈಗ ಕೆಲಸದ ಮಾತು.

ವೊಯ್ತಾ, ನಮ್ಮ ಸಿನಿಮಾ 'ಕಾಮ್ರೇಡ್ ಸಾಸಿವೆ' ಬದುಕಿದೆ! ಇಡಿಯಾಗಿ, ಒಂದು ಫ್ರೇಮೂ ಕಡಿಮೆಯಾಗದೆ, ಪ್ರಾಗ್‌ನ ಸ್ಟುಡಿಯೊದ ಉಕ್ಕಿನ ಕಪಾಟಿನಲ್ಲಿ ಇಪ್ಪತ್ತು ವರ್ಷ ಮಲಗಿತ್ತಂತೆ. ರಾಜಧಾನಿಯಿಂದ ಹಳದಿ ಸಾಸಿವೆ ಗೊಜ್ಜಿನ ಕಾರ್ಖಾನೆಯ ತಪಾಸಣೆಗೆ ಬರುವ ಕಟ್ಟುನಿಟ್ಟಿನ ಅಧಿಕಾರಿಣಿ ನಾನು. ಊರಿನ ವಾದ್ಯಮೇಳದಲ್ಲಿ ದೊಡ್ಡ ಹಿತ್ತಾಳೆ ಕಹಳೆ ಊದುವ ಪೋಕರಿ ನೀನು. ಇಲ್ಲದ ನೂರು ಟನ್ ಸಾಸಿವೆ ಇದೆಯೆಂದು ವರದಿ ಕಳಿಸಿದ್ದ ಊರಿನವರು ಖಾಲಿ ಜಾಡಿಗಳಿಗೆ ಒಳಗಿನಿಂದ ಹಳದಿ ಬಣ್ಣ ಬಳಿಯುತ್ತಾ ಕೂತಿದ್ದರೆ, ನೀನು ನನ್ನನ್ನು ಮೂರು ದಿನ ಪ್ರೇಮದಲ್ಲಿ ಸಿಲುಕಿಸಿ ಇಡಬೇಕು. ಆಹಾ! ಚಿತ್ರ ತೆಗೆಯುವಾಗ ದೀಪ ಹಿಡಿದವರೇ ನಗು ತಡೆಯಲಾರದೆ ದೀಪ ಅಲುಗಾಡಿಸುತ್ತಿದ್ದರು. ಕೊನೆಯಲ್ಲಿ ಅಧಿಕಾರಿಣಿ ಖಾಲಿ ಜಾಡಿಯಲ್ಲಿ ಚಮಚ ಅದ್ದಿ ನೆಕ್ಕಿ, "ಪ್ರಥಮ ದರ್ಜೆ" ಎಂದು ಮುದ್ರೆ ಒತ್ತುತ್ತಾಳಲ್ಲ, ಅಲ್ಲಿ ಇಡೀ ದೇಶ ಎದ್ದು ಚಪ್ಪಾಳೆ ತಟ್ಟಿತ್ತು.

ನೀನು ಹೋದ ಮೇಲೆ ಆ ಚಿತ್ರಕ್ಕೆ ಏನಾಯಿತೆಂದು ನಿನಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಓಡಿಹೋದವನ ಮುಖ ಪರದೆಯ ಮೇಲೆ ಕಾಣಕೂಡದೆಂದು ಆಜ್ಞೆ ಬಂತು. ಚಿತ್ರವನ್ನೇ ಸುಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮಂತ್ರಿಯೊಬ್ಬರ ಹೆಂಡತಿಗೆ ನನ್ನ ಹಾಡು ಇಷ್ಟವಂತೆ! ಆದ್ದರಿಂದ ನಿನ್ನನ್ನು ಮಾತ್ರ ತೆಗೆದರು. ಶೀರ್ಷಿಕೆಯಿಂದ ಹೆಸರು ಹೋಯಿತು. ಮುಖ ಹೋಯಿತು. ನಿನ್ನ ಬೆನ್ನು, ಮೊಣಕೈ, ಕಹಳೆಯ ಬಾಯಿ ಇಷ್ಟು ಉಳಿದವು. ಎದುರಿನಿಂದ ತೋರಿಸಲೇಬೇಕಾದ ಕಡೆ ಹೊಸದಾಗಿ ಚಿತ್ರೀಕರಿಸಿದರು, 1971ರ ಮೇ ತಿಂಗಳಲ್ಲಿ, ಮೂರು ದಿನ. ಸ್ಟ್ಯಾಂಡಿನ ಮೇಲೆ ಕಹಳೆ ನಿಲ್ಲಿಸಿ, ಅದರ ಹಿಂದೆ ಒಂದು ಟೋಪಿ ಇಟ್ಟು, ನನ್ನನ್ನು ಮುಂದೆ ನಿಲ್ಲಿಸಿದರು. ನಾನು ಆ ಹಿತ್ತಾಳೆಗೆ ಪ್ರೇಮ ನಿವೇದಿಸಿದೆ. ಕಣ್ಣೀರು ಸುರಿಸಿ ನಿವೇದಿಸಿದೆ. ಛಾಯಾಗ್ರಾಹಕ ಕ್ಯಾಮೆರಾದಿಂದ ತಲೆ ತೆಗೆದು, "ಮೇಡಂ, ಸ್ವಲ್ಪ ಕಮ್ಮಿ. ಇದು ಹಾಸ್ಯ ಚಿತ್ರ," ಎಂದ.

ಯಾರೂ ನನ್ನ ಕುತ್ತಿಗೆಗೆ ಕತ್ತಿ ಹಿಡಿದಿರಲಿಲ್ಲ. ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಅಂದಿನಿಂದ ಪ್ರತಿ ವರ್ಷದ ಕೊನೆಯ ದಿನ ಮಧ್ಯಾಹ್ನ ಟಿವಿಯಲ್ಲಿ ಅದೇ. ಮನೆಮನೆಯಲ್ಲೂ ಆಲೂಗಡ್ಡೆ ಸಲಾಡ್ ತಿನ್ನುತ್ತಾ ಕೂತ ಜನ, ಕಹಳೆ ಕಂಡಕೂಡಲೇ ನಿನ್ನ ಹೆಸರು ಕೂಗುತ್ತಿದ್ದರಂತೆ. ಸರ್ಕಾರ ಕತ್ತರಿಸಿ ತೆಗೆದ ಜಾಗದಲ್ಲೇ ನೀನು ಇಮ್ಮಡಿಯಾಗಿ ಕೂತೆ, ಗಂಡೇ! ನನಗೆ ಸಿಕ್ಕಿದ್ದು ಹೊಸ ಬಿರುದು. ಟ್ರಾಮಿನಲ್ಲಿ ಹುಡುಗಿಯರು ಪಿಸುಗುಟ್ಟುತ್ತಾರೆ, "ನೋಡೇ, ಕಹಳೆ ಹೆಂಡ್ತಿ." ಮಾಂಸದಂಗಡಿಯ ದಪ್ಪ ಹೆಂಗಸು ಸರತಿಯಲ್ಲಿ ಎಲ್ಲರಿಗೂ ಕೇಳುವಂತೆ, "ಏನಮ್ಮಾ, ಯಜಮಾನ್ರಿಗೆ ಪಾಲಿಶ್ ಹಾಕಿದ್ರಾ ಇವತ್ತು?" ಎನ್ನುತ್ತಿದ್ದಳು. ಅದು ಗೇಲಿಯಲ್ಲ ವೊಯ್ತಾ, ಪ್ರೀತಿ. ಒಳಗಿನಿಂದ ಒಳ್ಳೆಯ ತುಂಡು ತೆಗೆದು ಕೊಡುತ್ತಿದ್ದಳು. ನಾನು ಎಲ್ಲರೊಡನೆ ನಗುತ್ತಿದ್ದೆ. ಮನೆಗೆ ಬಂದು ಒಬ್ಬಳಿಗೆ ಒಂದು ಚೂರು ಹುರಿದುಕೊಳ್ಳುತ್ತಿದ್ದೆ.

ಡಿಸೆಂಬರ್ ಮೂವತ್ತೊಂದರಂದು ಟಿವಿ ಹಾಕಿ ಶಬ್ದ ಪೂರ್ತಿ ಇಳಿಸಿ ನೋಡುತ್ತಿದ್ದೆ. ನಿನ್ನ ಬೆನ್ನು ಹನ್ನೊಂದು ಕಡೆ ಬರುತ್ತದೆ. ಎಡಗಡೆಯ ತೋಳಿನ ಹೊಲಿಗೆ ಬಿಟ್ಟಿರುವುದು ಮೂರರಲ್ಲಿ ಕಾಣುತ್ತದೆ, ಯಾರೂ ಗಮನಿಸಿರಲಾರರು.

ಈಗ ಬೇಡಿಕೆ. ಸ್ಟುಡಿಯೊದವರು ಮೇ ತಿಂಗಳಲ್ಲಿ ಪೂರ್ತಿ ಚಿತ್ರವನ್ನು, ನಿನ್ನ ಮುಖ ನಿನ್ನ ಹೆಸರು ಎಲ್ಲದರ ಸಮೇತ, ತೋರಿಸುತ್ತಾರೆ. ಚಿತ್ರದ ಸುರುಳಿ ಸರಿಯಾಗಿದೆ, ಧ್ವನಿಯದ್ದು ಹಾಳಾಗಿದೆ. ನಿನ್ನ ಮಾತುಗಳಿದ್ದ ಟೇಪಿನ ಮೇಲೆ ಯಾರೋ ಪುಣ್ಯಾತ್ಮರು ಹಂದಿ ಸಾಕಣೆಯ ಉಪನ್ಯಾಸ ಮುದ್ರಿಸಿದ್ದಾರೆ. ನೀನೇ ಬಂದು ಮೈಕಿನ ಮುಂದೆ ನಿಂತು ಮತ್ತೆ ಮಾತು ಕೊಡಬೇಕು. ಏಪ್ರಿಲ್ ನಾಲ್ಕು, ಬುಧವಾರ, ಪ್ರಾಗ್‌ನಲ್ಲಿ. ಹಿಂದಿನ ಸಂಜೆ ಬರ್ನೊಗೆ ಬಂದರೆ ಇಲ್ಲಿಂದ ಜೊತೆಗೆ ಹೋಗಬಹುದು. ನೀನಿಲ್ಲದಾಗ ನಿನಗೆ ವಿಧಿಸಿದ್ದ ಎರಡು ವರ್ಷದ ಸಜೆಯನ್ನು ಜನವರಿಯಲ್ಲೇ ಮನ್ನಾ ಮಾಡಿದ್ದಾರೆ. ಗಡಿಯಲ್ಲಿ ಯಾರೂ ತಡೆಯುವುದಿಲ್ಲ. ನೀನು ಬಾರದಿದ್ದರೆ ಮಿರೆಕ್‌ನ ಕೈಲಿ ಮಾತಾಡಿಸುತ್ತಾರಂತೆ, ಮೂಗಿನಲ್ಲಿ ಹಾಡುವ ಮಿರೆಕ್! ನೆಗಡಿಯಾದ ಹೋತದ ದನಿಯಲ್ಲಿ ನಿನ್ನ ಮುಖ ಪ್ರೇಮ ಮಾಡುವುದನ್ನು ನಾನು ನೋಡಬೇಕೇ?

ಇನ್ನು ಉಳಿದದ್ದು ಒಂದು ಮಾತು. ಮೂರು ಸಲ ಕಾಫಿ ಕುದಿಸಿಕೊಂಡೆ ಇದನ್ನು ಬರೆಯುವ ಮುಂಚೆ.

1969ರ ಅಕ್ಟೋಬರ್. ನಮ್ಮಿಬ್ಬರ ಕೈಲೂ ವಿಯೆನ್ನಾಕ್ಕೆ ಪರವಾನಗಿ ಇತ್ತು. ಬುಧವಾರ ಬೆಳಿಗ್ಗೆ ಒಟ್ಟಿಗೆ ಹೊರಟು ಅಲ್ಲೇ ಉಳಿಯುವುದೆಂದು ಗೊತ್ತು ಮಾಡಿದ್ದೆವು. ಹಿಂದಿನ ದಿನ ನಾನು ಹೇಳಿದೆ, "ಅಮ್ಮ ಮೆಟ್ಟಿಲಿನ ಮೇಲೆ ಜಾರಿ ಕಾಲು ಮುರ್ಕೊಂಡಿದಾಳೆ. ನೀನು ಹೋಗಿರು. ಅವಳಿಗೊಂದು ವ್ಯವಸ್ಥೆ ಮಾಡಿ ಶುಕ್ರವಾರದ ರೈಲಿಗೆ ಬರ್ತೀನಿ." ನೀನು ನಂಬಿದೆ. ಅಮ್ಮನಿಗೆಂದು ಕಿತ್ತಳೆ ಹಣ್ಣು ಕೂಡ ತಂದುಕೊಟ್ಟೆ. ಅದಕ್ಕೆ ಎಷ್ಟು ಹೊತ್ತು ಸಾಲಿನಲ್ಲಿ ನಿಂತಿದ್ದೆಯೋ.

ಅಮ್ಮನ ಕಾಲು ಮುರಿದಿರಲಿಲ್ಲ. ಅವಳು 1984ರಲ್ಲಿ ತೀರಿಕೊಂಡಳು, ಎರಡು ಕಾಲೂ ಗಟ್ಟಿಯಾಗಿದ್ದವು.

ಗುರುವಾರ ಸಂಜೆ ನಮ್ಮ ನಾಟಕದ ಕೊನೆಯಾಟವಿತ್ತು. ನಾಟಕದವರಿಗೆ ಕೊನೆಯಾಟವೆಂದರೆ ಏನೆಂದು ನಿನಗೆ ಹೇಳಬೇಕೇ? ಅಂದು ನಿರ್ದೇಶಕನ ಆಜ್ಞೆ ನಡೆಯದು. ರಂಗದ ಮೇಲೆ ಒಬ್ಬರಿಗೊಬ್ಬರು ಬಲೆ ಹೂಡಬೇಕು. ನಗದೆ ಮಾತು ಒಪ್ಪಿಸಿದವನೇ ಗಂಡು. ಜನ ಟಿಕೆಟ್ ಕೊಳ್ಳುವುದೇ ಆ ಕಿತಾಪತಿಗೆ. ಮುದುಕ ಓಲ್ಡ್ರಿಖ್ ಜಮೀನ್ದಾರನಾಗಿ ಊಟದ ಮೇಜಿನಲ್ಲಿ ಸೂಪಿನ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದನಲ್ಲ, ಅದರೊಳಗೆ ಜೀವಂತ ಬಾತುಕೋಳಿ ಇಡಬೇಕೆಂದು ನಾನು ಮೂರು ವಾರದಿಂದ ಹೊಂಚು ಹಾಕಿದ್ದೆ. ಅದಕ್ಕಾಗಿ ಉಳಿದೆ, ವೊಯ್ತಾ. ಒಂದು ಬಾತುಕೋಳಿಗಾಗಿ. ನಿನಗೆ ನಿಜ ಹೇಳಿದ್ದರೆ ನೀನು ಬೈಯುತ್ತಿದ್ದೆ, ಇಲ್ಲವೇ ನೀನೂ ಉಳಿಯುತ್ತಿದ್ದೆ. ಎರಡೂ ಬೇಡವಾಗಿತ್ತು ನನಗೆ.

ಎಂಥ ಸಂಜೆ ಅದು! ಓಲ್ಡ್ರಿಖ್ ಮುಚ್ಚಳ ತೆಗೆದ. ಬಾತುಕೋಳಿ ಕತ್ತು ಹೊರಗೆ ಹಾಕಿತು. ಅವನು ಕಣ್ಣು ಮಿಟುಕಿಸದೆ, "ಈ ಮನೆಯಲ್ಲಿ ನನ್ನ ಮಾತಿಗೆ ಎದುರಾಡುವವರು ಯಾರಿದ್ದಾರೆ?" ಎಂದು ಗರ್ಜಿಸಿದ. ಅದು ಎದುರಾಡಿತು. ನಾಲ್ಕು ನಿಮಿಷ ನಾಟಕ ನಿಂತೇಹೋಯಿತು. ಬಾಲ್ಕನಿಯಲ್ಲಿ ಒಬ್ಬ ಹೆಂಗಸು ನಗು ತಾಳದೆ ಅಳುತ್ತಿದ್ದಳು. ಆ ಗದ್ದಲದ ನಡುವೆ ನಾನು ಬಲಗಡೆಯ ಪಕ್ಕಪರದೆಯತ್ತ ತಿರುಗಿದೆ, ನೀನು ಯಾವಾಗಲೂ ನಿಂತು ನೋಡುತ್ತಿದ್ದ ಜಾಗಕ್ಕೆ. ಅಲ್ಲಿ ಬೆಂಕಿ ಆರಿಸುವ ಬಕೆಟ್ ಇತ್ತು.

ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆ ಹಿಡಿದು ನಿಲ್ದಾಣಕ್ಕೆ ಹೋದೆ. ಕಿಂಡಿಯಲ್ಲಿದ್ದ ಗುಮಾಸ್ತ ನನ್ನ ಪರವಾನಗಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ನಿನ್ನೆ ಮಧ್ಯಾಹ್ನದಿಂದ ರದ್ದು ತಾಯಿ. ಗಡಿ ಮುಚ್ಚಿದಾರೆ, ಎಲ್ಲರದ್ದೂ ರದ್ದು. ನಿನ್ನೆ ಬೆಳಿಗ್ಗೆ ಬಂದಿದ್ರೆ ಹೋಗಬಹುದಿತ್ತು." ಆಮೇಲೆ ಗುರುತು ಹಿಡಿದು ಮುಖ ಅರಳಿಸಿದ. "ನಿನ್ನೆ ಸಂಜೆ ನಾಟಕಕ್ಕೆ ಬಂದಿದ್ವಿ. ಆ ಬಾತುಕೋಳಿ! ನನ್ನ ಹೆಂಡತಿ ಇನ್ನೂ ನಗ್ತಿದಾಳೆ."

ನೀನು ವಿಯೆನ್ನಾದ ನಿಲ್ದಾಣದಲ್ಲಿ ಎಷ್ಟು ರೈಲು ಕಾದೆಯೋ ನನಗೆ ತಿಳಿಯದು. ಮೊದಲ ಕಾರ್ಡಿನಲ್ಲಿ ಬರೆದಿದ್ದೆ: ಅಮ್ಮನ ಕಾಲು ಹೇಗಿದೆ? ಎರಡನೆಯದರಲ್ಲಿ: ಪ್ಲಾಸ್ಟರ್ ತೆಗೆದರೇ? ಮೂರನೆಯದರಲ್ಲಿ, ಪಾಪ, ಅಮ್ಮನಿಗೆ ಒಳ್ಳೆಯ ಊರುಗೋಲು ಕಳಿಸಲೇ ಎಂದು ಕೇಳಿದ್ದೆ. ಏನೆಂದು ಬರೆಯಲಿ ನಾನು? ಒಂದು ಸಾಲು ಬರೆಯಬೇಕಾದರೂ ಕಾಲಿನಿಂದಲೇ ಶುರುಮಾಡಬೇಕಿತ್ತು. ಆಮೇಲೆ ನೀನು ಬರೆಯುವುದನ್ನು ನಿಲ್ಲಿಸಿದೆ.

ಸರ್ಕಾರ ನಮ್ಮನ್ನು ಅಗಲಿಸಿತೆಂದು ಈಗ ಪತ್ರಿಕೆಯವರು ಬಂದು ಕೇಳಿ ಬರೆದುಕೊಂಡು ಹೋಗುತ್ತಿದ್ದಾರೆ. ನಾನು ತಲೆ ಆಡಿಸುತ್ತೇನೆ. ಆ ಬುಧವಾರದ ರೈಲನ್ನು ಸರ್ಕಾರ ತಪ್ಪಿಸಿರಲಿಲ್ಲ.

ಕೋಪ ಮಾಡಿಕೋ. ಬಂದು ಮಾಡಿಕೋ. ಪ್ರೇಕ್ಷಕರಿಲ್ಲದ ಕಡೆ ನಿನ್ನ ಕೋಪ ವ್ಯರ್ಥ. ಊಟದ ಡಬ್ಬಿ ತರುವವರನ್ನೂ ಕರೆದುಕೊಂಡು ಬಾ. ನಾಟಕಶಾಲೆಯ ಅತಿಥಿ ಕೋಣೆಯಲ್ಲಿ ಎರಡು ಮಂಚವಿದೆ, ಹೇಳಿಟ್ಟಿದ್ದೇನೆ. ಅವರಿಗೆ ಇಲ್ಲಿಯ ಡಂಪ್ಲಿಂಗ್ ಸೇರುತ್ತದೆಯೇ? ನಾನು ಚೆನ್ನಾಗಿ ನಡೆದುಕೊಳ್ಳುತ್ತೇನೆ. ಅಭಿನಯಿಸುವುದರಲ್ಲಿ ನನ್ನನ್ನು ಮೀರಿಸಿದವರು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಚಿತ್ರಕ್ಕೆ ನಿನ್ನ ದನಿ ಬೇಕು. ಅಷ್ಟೇ.

ವಿಚ್ಛೇದನದ ಕಾಗದಕ್ಕೆ ಪಕ್ಷದ ಮೂವರು ಕಾರ್ಯದರ್ಶಿಗಳು ಕೇಳಿದರೂ ಸಹಿ ಹಾಕದ,
ಯಾರ್ಮಿಲಾ
(ನಿನ್ನ ಯಾರ್ಕಾ)

ತಾ.ಕ.: ಲಕೋಟೆ ಅಂಟಿಸಿದ್ದೆ, ಹಬೆ ಹಿಡಿದು ಬಿಚ್ಚಿದೆ. ಒಂದು ಸುಳ್ಳನ್ನು ಒಪ್ಪಿಕೊಳ್ಳುವ ಪತ್ರದಲ್ಲೇ ಇನ್ನೊಂದು ಸುಳ್ಳು ಬರೆದಿದ್ದೇನೆ. ನಿನ್ನ ದನಿಯ ಟೇಪಿಗೆ ಏನೂ ಆಗಿಲ್ಲ. ಹಂದಿ ಸಾಕಣೆ ನಾನು ಹುಟ್ಟಿಸಿದ್ದು, ಬುಧವಾರದ ಕೆಲಸವೂ. ಕಳೆದ ವಾರ ಸ್ಟುಡಿಯೊದ ಇಂಜಿನಿಯರ್ ಸಾಹೇಬರು ಪೂರ್ತಿ ಹಾಕಿ ಕೇಳಿಸಿದರು. ಗಂಟಲು ಸರಿಮಾಡಿಕೊಳ್ಳುವುದೂ ಕೇಳುತ್ತದೆ. ಮುಗಿದ ಮೇಲೆ ಅವರು, "ಇನ್ನೊಂದ್ಸಲ ಹಾಕ್ಲಾ ಮೇಡಂ?" ಎಂದು ಕೇಳಿದರು, ಹಾಕಿದರು. ಚಿತ್ರಕ್ಕೆ ನೀನು ಬೇಕಾಗಿಲ್ಲ, ವೊಯ್ತಾ. ಏಪ್ರಿಲ್ ಮೂರು, ಮಂಗಳವಾರ, ಸಂಜೆಯ ವಿಯೆನ್ನಾ ರೈಲು ಬರುವ ಹೊತ್ತಿಗೆ ನಾನು ನಿಲ್ದಾಣದಲ್ಲಿ ಇರುತ್ತೇನೆ. ಅಂದು ನನಗೆ ಆಟವಿದೆ, ಟಿಕೆಟ್ಟೆಲ್ಲ ಮುಗಿದಿದೆ. ನನ್ನ ಪಾತ್ರಕ್ಕೆ ಬೇರೆಯವಳನ್ನು ಹಾಕಿ ಎಂದೆ. ನಿರ್ದೇಶಕರು ಗಾಬರಿಯಾಗಿ, "ಯಾಕೆ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದರು. ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಿದೆ.