ದೊಡ್ಡಮ್ಮನ ದುಡ್ಡಿನ ಟಿವಿ

ರೀ,

ಬಾಗಿಲು ತೆಗೆದ ಕೂಡಲೇ ಕಳ್ಳತನ ಆಯ್ತು ಅಂತ ಕೂಗಬೇಡಿ. ಟಿವಿ ಕೆಳಗಡೆ ಓನರ್ ಮನೆಯಲ್ಲಿದೆ. ನಾನೇ ಕೊಟ್ಟೆ.

ನಿಮ್ಮ ದೊಡ್ಡಮ್ಮ ಬಿಟ್ಟುಹೋದ ದುಡ್ಡು ಕೈಗೆ ಬಂದಾಗಲೇ ಬಾಡಿಗೆ ಬಾಕಿ ಕಟ್ಟಿಬಿಡೋಣ ಅಂತ ಬಡ್ಕೊಂಡೆ. "ಬಾಕಿ ಯಾವತ್ತೂ ಇದ್ದಿದ್ದೇ ಕಣೇ, ದೊಡ್ಡಮ್ಮನ ನೆನಪಿಗೆ ಏನಾದ್ರೂ ಬೇಡ್ವಾ?" ಅಂತ ಗೋಡೆಯಗಲದ ಟಿವಿ ತಂದ್ರಿ. ಆಮೇಲೆ ಓನರಿಗೆ ಗೊತ್ತಾಗಬಾರದು ಅಂತ ಕಿಟಕಿ ಮುಚ್ಚಿ, ಸೌಂಡ್ ಪೂರ್ತಿ ಬಂದ್ ಮಾಡಿ, ಇಬ್ಬರೂ ತುಟಿ ಹೊಲಿದುಕೊಂಡವರ ಹಾಗೆ ಮ್ಯಾಚ್ ನೋಡಿದ್ದೂ ಆಯ್ತು. ನಿನ್ನೆ ನಮ್ಮವರು ಗೆದ್ದಾಗ ಎದ್ದು ಓನರ್ ತಲೆ ಮೇಲೆ ಧಡಧಡ ಕುಣಿದವರು ನೀವು, ಬೆಳಿಗ್ಗೆ ಬಾಗಿಲಲ್ಲಿ ನಿಂತು ಅವರ ಹತ್ರ ಉಗಿಸಿಕೊಂಡವಳು ನಾನು.

ಟಿವಿ ಕೊಟ್ಟಿದ್ದಕ್ಕೆ ಬಾಡಿಗೆ ಬಾಕಿ ಪೂರ್ತಿ ವಜಾ. ಇನ್ಮೇಲೆ ಓನರ್ ಕೆಮ್ಮಿದ ತಕ್ಷಣ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಮೆಟ್ಟಿಲು ಹತ್ತೋದು ಬೇಡ.

ನೆನಪಿಗೆ ಅಂದ್ರಲ್ಲ, ಟಿವಿ ಇದ್ದ ಜಾಗದಲ್ಲಿ ದೊಡ್ಡಮ್ಮನ ಫೋಟೊ ಇಟ್ಟಿದೀನಿ. ಗಾಜಿನ ಧೂಳು ಒರೆಸಿ.

ಊಟ ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊಳ್ಳಿ. ನಾನು ಬರೋದು ತಡ.

ಸಂಜೆ ಮತ್ತೆ ಮ್ಯಾಚ್ ಇದೆ. ಓನರ್ ಯಾರಿಗೂ ಸಾಲಗಾರರಲ್ಲ, ಸೌಂಡ್ ಜೋರಾಗೇ ಇಡ್ತಾರೆ. ಇಷ್ಟು ದಿನ ಬರೀ ನೋಡಿದ್ರಿ, ಇವತ್ತು ಬರೀ ಕೇಳಿಸ್ಕೊಳ್ಳಿ.