ನಾಲ್ಕು ಬೆರಳು ಗಿಡ್ಡ ರೆಕ್ಕೆ

ಹೊಲಿಗೆ ಕೋಣೆ
ಮಂಗಳವಾರ, ಮಧ್ಯಾಹ್ನ

ಇವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಗೀಟು ಕಾಣುತ್ತಿದ್ದರೆ ಕಾಣಲಿ.

ನಿಮ್ಮ ನಾಲ್ಕು ಪುಟದ ಪತ್ರ ಶನಿವಾರ ಬಂತು. ಮೂರೂವರೆ ಪುಟದ ತುಂಬ, ತಪ್ಪಾಯ್ತು, ಕೋಪ ಬಿಡು, ಮನೆಗೆ ಬಂದುಬಿಡು ಅಂತ. ಓದುತ್ತಾ ಕಣ್ಣು ತುಂಬಿದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೊನೆಯ ಅರ್ಧ ಪುಟ. ‘ಅಂದಹಾಗೆ, ಕಿರಿಯ ದೇವದೂತನಿಗೂ ರೆಕ್ಕೆ ಅಳತೆ ತಗೊಂಡ್ರಾ? ಅವನೂ ಎದ್ದು ಬರ್ತಾನಾ? ಯಾರಿಗೂ ಹೇಳಲ್ಲ’ ಅಂತ ಕೇಳಿದ್ದೀರಿ. ಥೂ! ನಾಚಿಕೆ ಆಗಲಿಲ್ಲವೇನ್ರೀ? ನಿಮ್ಮಿಂದಾಗಿ ನಮ್ಮ ಟೈಲರ್ ಮಾಸ್ಟರ್ ಕೆಲಸ ಕಳೆದುಕೊಂಡು ಇವತ್ತಿಗೆ ಇಪ್ಪತ್ತಾರು ದಿನ.

ದೇವದೂತರ ಆ ಟೀವಿ ಧಾರಾವಾಹಿಗೆ ನಾನು ಸ್ಟುಡಿಯೋದಲ್ಲಿ ರೆಕ್ಕೆ ಹೊಲಿಯುತ್ತಿದ್ದೆ, ನೀವು ಸೋಫಾದಲ್ಲಿ ಕೂತು ನೋಡುತ್ತಿದ್ದಿರಿ. ಹಿರಿಯ ದೇವದೂತ ಉರಿದು ಬೂದಿಯಾದ ದಿನ ನೀವು ಮನೆಯವರೇ ಹೋದಂತೆ ಅತ್ತಿರಿ. ಆಮೇಲೆ ಶುರುವಾಯಿತು ನಿಮ್ಮ ಊಹೆಗಳ ಮಳೆ. ಗೋಡೆಯ ಮೇಲೆ ಅವನ ನೆರಳು ಉಳಿದಿದೆ, ಹಾಗಾಗಿ ಏಳುತ್ತಾನೆ. ಕಥೆಯಲ್ಲಿ ಬರುವ ಆ ಕುರುಡಿಯ ಪುಸ್ತಕದಲ್ಲಿ ಅವನ ಒಂದು ಗರಿ ಇದೆ, ಹಾಗಾಗಿ ಏಳುತ್ತಾನೆ. ‘ರೆಕ್ಕೆರಾಯ’ ಎಂಬ ಹೆಸರಿಟ್ಟುಕೊಂಡು ಅಭಿಮಾನಿಗಳ ಗುಂಪಿನಲ್ಲಿ ಹನ್ನೊಂದು ಊಹೆ ಬರೆದಿರಿ, ಒಂದೂ ನಿಜವಾಗಲಿಲ್ಲ. ಆಗ ನೀವು ಎಷ್ಟು ಚೆನ್ನಾಗಿದ್ದಿರಿ ಗೊತ್ತಾ? ನನಗೆ ಆ ಮನುಷ್ಯನೇ ಬೇಕಿತ್ತು.

ಒಂದು ದಿನ ಯಾರೋ ನಿಮ್ಮನ್ನು ಹುಚ್ಚ ಅಂದರೆಂದು ಊಟ ಬಿಟ್ಟು ಕೂತಿರಿ. ನನಗೆ ನೋಡಲಾಗಲಿಲ್ಲ. ಬಾಯಿ ಸುಮ್ಮನಿರಲಿಲ್ಲ. ಅವನು ಏಳ್ತಾನೆ ರೀ, ಸುಟ್ಟ ಬಲರೆಕ್ಕೆ ನಾಲ್ಕು ಬೆರಳು ಗಿಡ್ಡ ಮಾಡಿ ಹೊಲೀತಿದ್ದೀವಿ, ಯಾರ ಹತ್ರನೂ ಬಾಯಿ ಬಿಡಬೇಡಿ ಅಂದೆ. ಆಣೆ ಮಾಡಿದಿರಿ. ಬೆಳಗ್ಗೆ ನಾನು ಹಲ್ಲುಜ್ಜುವಷ್ಟರಲ್ಲಿ ರೆಕ್ಕೆರಾಯನ ಹನ್ನೆರಡನೆಯ ಊಹೆ ಊರೆಲ್ಲ ಓಡಾಡುತ್ತಿತ್ತು. ‘ಬಲರೆಕ್ಕೆ ನಾಲ್ಕು ಬೆರಳು ಗಿಡ್ಡವಾಗಿರುತ್ತದೆ, ಬರೆದಿಟ್ಟುಕೊಳ್ಳಿ’ ಅಂತ.

ನಾಲ್ಕು ಬೆರಳು! ಮೂರು ಇಂಚು ಅಂತ ಬರೆದಿದ್ದರೂ ಸಾಕಿತ್ತು. ಸ್ಟುಡಿಯೋದಲ್ಲಿ ಎಲ್ಲರೂ ಟೇಪು ಹಿಡಿಯುತ್ತಾರೆ. ರೆಕ್ಕೆಯನ್ನು ಬೆರಳಲ್ಲಿ ಅಳೆಯುವವರು ಮಾಸ್ಟರ್ ಒಬ್ಬರೇ. ಗರಿ ಬಾಗುತ್ತದೆ, ಟೇಪು ಸುಳ್ಳು ಹೇಳುತ್ತದೆ ಅನ್ನುತ್ತಿದ್ದರು. ಅವರ ಕೈಕೆಳಗೆ ಕಲಿತ ನನಗೂ ಅದೇ ಅಭ್ಯಾಸ ಅಂಟಿತ್ತು, ಆದರೆ ಅದು ಆಫೀಸಿನಲ್ಲಿ ಯಾರಿಗೆ ಗೊತ್ತು? ಮ್ಯಾನೇಜರ್ ನಿಮ್ಮ ಬರಹವನ್ನು ಮೇಜಿನ ಮೇಲಿಟ್ಟು, ಇದು ಯಾರ ಲೆಕ್ಕ ಅಂತ ಕೇಳಿದರು. ಮಾಸ್ಟರ್ ಎರಡು ಸಲ ಓದಿದರು. ಬೆರಳ ಲೆಕ್ಕ ನನ್ನದೇ ಸ್ವಾಮಿ ಅಂದರು, ಅಷ್ಟೇ. ಯಾರ ಹೆಸರನ್ನೂ ಎತ್ತಲಿಲ್ಲ. ಇಪ್ಪತ್ತೆರಡು ವರ್ಷ ಹಿಡಿದ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು.

ಬಾಯಿ ಸಡಿಲ ಅಂತ ಹೆಸರು ಬಂದವರಿಗೆ ಯಾವ ಸ್ಟುಡಿಯೋದವರೂ ಅಳತೆ ಪುಸ್ತಕ ಕೊಡುವುದಿಲ್ಲ. ಈಗ ಮನೆಯಲ್ಲಿ ಕೂತು ದಿಂಬಿನ ಚೀಲ ಹೊಲಿಯುತ್ತಾರಂತೆ.

ಎದ್ದು ಬಂದವನು ಅದೇ ದೇವದೂತನೋ, ಅವನ ವೇಷ ತೊಟ್ಟ ಬೇರೆ ಯಾರೋ ಎಂದು ನಿಮ್ಮ ಗುಂಪಿನವರು ಈಗ ಕಿತ್ತಾಡುತ್ತಿದ್ದಾರಂತಲ್ಲ. ನಿಮ್ಮ ಪತ್ರ ಓದುವಾಗ ನನಗೂ ನಿಮ್ಮ ಮೇಲೆ ಅದೇ ಅನುಮಾನ ಬಂತು.

ನಿನ್ನೆ ಆ ಕೊನೆಯ ಪುಟವನ್ನು ಮ್ಯಾನೇಜರ್ ಕೈಗೆ ಕೊಟ್ಟೆ. ರೆಕ್ಕೆರಾಯ ನನ್ನ ಗಂಡ, ಹೇಳಿದವಳು ನಾನು, ಮಾಸ್ಟರ್‌ದು ಏನೂ ತಪ್ಪಿಲ್ಲ ಅಂತ ಬರೆದು ಸಹಿ ಹಾಕಿದೆ. ಇವತ್ತೇ ನನಗೆ ಇಲ್ಲಿ ಕೊನೆಯ ದಿನ. ಮ್ಯಾನೇಜರ್ ಕೂಡಲೇ ಮಾಸ್ಟರ್‌ಗೆ ಫೋನ್ ಮಾಡಿ, ನಾಳೆಯಿಂದಲೇ ಬನ್ನಿ ಅಂದರಂತೆ. ಅವರು ಬರಲ್ಲ ಅಂದರಂತೆ. ಯಾಕೆ ಎಂದು ಇಲ್ಲಿ ಎಲ್ಲರಿಗೂ ಆಶ್ಚರ್ಯ. ನನಗಿಲ್ಲ.

ನೀವು ಕಾಯಬೇಡಿ. ನಾನು ಆ ಮನೆಗೆ ಬರುವುದಿಲ್ಲ.

ಇಂತಿ,
ಕಾಗದದ ಮೇಲೆ ಮಾತ್ರ ಇನ್ನೂ ನಿಮ್ಮ ಹೆಂಡತಿ

ಬರೆಯಲು ಮರೆತದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಅವತ್ತು ಮ್ಯಾನೇಜರ್ ನನ್ನನ್ನೂ ಕೇಳಿದ್ದರು, ನಿಮ್ಮನೇಲಿ ಯಾರಾದ್ರೂ ಈ ಧಾರಾವಾಹಿ ನೋಡ್ತಾರೇನಮ್ಮಾ ಅಂತ. ಇಲ್ಲ ಸಾರ್, ನಮ್ಮನೇಲಿ ಟೀವಿನೇ ಇಲ್ಲ ಅಂದುಬಿಟ್ಟೆ. ಮಾಸ್ಟರ್ ನನ್ನ ಪಕ್ಕದಲ್ಲೇ ನಿಂತಿದ್ದರು. ನಾವು ಟೀವಿ ತಂದ ದಿನ ನೀವು ಕೈಲಾಗದೆ ಕೂತಾಗ, ಅದನ್ನು ತೂಗುಹಾಕಲು ಕುರ್ಚಿ ಹತ್ತಿ ಗೋಡೆಗೆ ಮೊಳೆ ಹೊಡೆದುಕೊಟ್ಟವರು ಅವರೇ.