ಎದೆಮಟ್ಟದ ನೀರಿನ ಕಡಲ್ಗುದುರೆ

ಸೌಂದರ್ಯಾಗೆ, ಮೂಡಲಪಾಳ್ಯದಿಂದ ಲತಾ ಬರೆಯುತ್ತಿರುವುದು.

ನೀನು ನನ್ನ ನಂಬರ್ ಬ್ಲಾಕ್ ಮಾಡಿ, ಕೆಲಸದಲ್ಲೂ ಬೇರೆ ಶಿಫ್ಟಿಗೆ ಹಾಕಿಸಿಕೊಂಡು ಎರಡು ತಿಂಗಳಾಯಿತು. ಮನೆ ಹತ್ತಿರ ಬಂದರೆ ನಿಮ್ಮತ್ತೆ ಬಾಗಿಲಲ್ಲೇ ನಿಂತು "ಅವಳಿಲ್ಲಮ್ಮ" ಅನ್ನುತ್ತಾರೆ. ಒಳಗಿನಿಂದ ನಿನ್ನ ಕೆಮ್ಮು ಕೇಳಿಸುತ್ತಿರುತ್ತದೆ. ಪಾಪ, ಆ ವಯಸ್ಸಿನಲ್ಲಿ ಅವರ ಕೈಲಿ ಸುಳ್ಳು ಹೇಳಿಸುತ್ತೀಯ. ಅದಕ್ಕೇ ಈ ಕಾಗದ. ಸಿಟ್ಟು ಬಂದರೂ ಕೊನೆಯವರೆಗೆ ಓದು, ನಿನಗೆ ಗೊತ್ತಿರಲೇಬೇಕಾದ ಒಂದು ವಿಷಯವಿದೆ.

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹದಿನೇಳು ವರ್ಷ ಒಂದೇ ಚೆಕಿಂಗ್ ಟೇಬಲ್ಲಿನ ಆ ಕಡೆ ನೀನು, ಈ ಕಡೆ ನಾನು. ನಿಂತು ನಿಂತು ನನ್ನ ಸೊಂಟ ಹಿಡಿದುಕೊಂಡಾಗ ಡಾಕ್ಟರು ಈಜು ಕಲಿಯಿರಿ ಅಂದರು. ನಲವತ್ತೊಂದನೇ ವಯಸ್ಸಿನಲ್ಲಿ ಈಜುಡುಗೆ ಹಾಕಿಕೊಳ್ಳಲು ನಾಚಿ ನಾನು ಬೇಡವೆಂದಿದ್ದೆ. "ನಾನೂ ಬರ್ತೀನಿ ಕಣೇ, ಒಬ್ಬಳೇ ಯಾಕೆ ಮುಳುಗ್ತೀಯ?" ಅಂದವಳು ನೀನು. ವಿಜಯನಗರದ ಕೊಳದ ಹೆಂಗಸರ ಬ್ಯಾಚಿಗೆ ಪ್ರತಿ ಭಾನುವಾರ ಇಬ್ಬರೂ ಹೋದೆವು. ನಿನಗೆ ಒಂದೇ ತಿಂಗಳಿಗೆ ಈಜು ಬಂತು. ನನಗೆ ಮುಖ ನೀರಿಗೆ ಅದ್ದುವುದಕ್ಕೇ ಮೂರು ತಿಂಗಳು ಬೇಕಾಯಿತು. ಅಷ್ಟೂ ದಿನ ನೀನು ನನ್ನ ಗದ್ದ ಹಿಡಿದುಕೊಂಡು ನಿಂತಿದ್ದೆ. ಅದನ್ನು ಮರೆತಿಲ್ಲ. ಮರೆಯಲು ಆಗಿದ್ದರೆ ಈ ಕಾಗದ ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕಲಿಸುತ್ತಿದ್ದ ಕೀರ್ತನಾ ಮೇಡಂ ಒಂದು ದಿನ, "ಆಂಟಿ, ಇಷ್ಟು ಬಂದ್ರೆ ಸಾಕು, ಸಮುದ್ರದಲ್ಲಿ ಸ್ನಾರ್ಕ್ಲಿಂಗ್ ಮಾಡಬಹುದು. ಮಾಸ್ಕ್ ಹಾಕ್ಕೊಂಡು ತೇಲ್ತಾ ಕೆಳಗೆ ನೋಡೋದು ಅಷ್ಟೇ" ಅಂದಳು. ಅಷ್ಟೇ ಸಾಕಾಯಿತು ನಿನಗೆ. ಸಂಕ್ರಾಂತಿ ರಜೆಗೆ ಕರಾವಳಿಯ ಆ ಊರಿಗೆ ಹೊರಟೇಬಿಟ್ಟೆವು. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಇನ್ನಾದರೂ ಅದನ್ನು ಬರೆಯದವರು ಒಬ್ಬರಿರಲಿ.

ವೆಂಕಟೇಶಣ್ಣ ಸಿಕ್ಕಿದ್ದು ಅಲ್ಲೇ. ದೋಣಿಯ ಯಂತ್ರಕ್ಕೆ ಎಡಗೈ ಸಿಕ್ಕಿ ಮೀನುಗಾರಿಕೆ ಬಿಟ್ಟವರು. ದಡದಲ್ಲಿ ಒಂದು ಶೆಡ್ಡು, ಹತ್ತು ಹನ್ನೆರಡು ಮಾಸ್ಕು, ಬಂದವರ ಹೆಸರು, ವಿಳಾಸ, ಫೋನ್ ನಂಬರ್ ಬರೆಸಿಕೊಳ್ಳಲು ಒಂದು ಪುಸ್ತಕ. ಕಾಲೇಜಿಗೆ ಹೋಗುವ ಮಗಳು ರಾಗಿಣಿ. ಎದೆಮಟ್ಟದ ನೀರಿನವರೆಗೆ ನಮ್ಮನ್ನು ನಡೆಸಿಕೊಂಡು ಹೋಗಿ, "ಕಾಲು ಊರಬೇಡಿ, ಏನನ್ನೂ ಮುಟ್ಟಬೇಡಿ. ಸುಮ್ಮನೆ ತೇಲ್ತಾ ಇರಿ, ಅವೇ ಬರ್ತವೆ" ಅಂದರು.

ಮೊದಲು ಬರೀ ಮರಳು. ಇದಕ್ಕೇನಾ ಇಷ್ಟು ದೂರ ಬಂದಿದ್ದು ಅಂದುಕೊಂಡೆ. ಆಮೇಲೆ ಬಂಡೆಗಳು ಶುರುವಾದವು. ಹಳದಿ ಪಟ್ಟೆಯ ಮೀನಿನ ಗುಂಪು ನನ್ನ ಮಾಸ್ಕಿನ ಗಾಜಿನ ಮುಂದೆಯೇ ಹಾದುಹೋಯಿತು. ನೆಲವೆಂದುಕೊಂಡಿದ್ದ ಜಾಗ ಅಲುಗಿ, ಒಂದು ಚಪ್ಪಟೆ ತೊರಕೆ ಮೀನು ಮರಳು ಕೊಡವಿಕೊಂಡು ಎದ್ದು ಹೋಯಿತು. ಒಂದು ಆಮೆ ಬಂಡೆಯ ಪಾಚಿ ಕೀಳುತ್ತಾ, ನಮ್ಮಿಬ್ಬರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ಅಜ್ಜಿಯೊಬ್ಬಳು ಸೊಪ್ಪು ಬಿಡಿಸುವ ಹಾಗೆ ನಿಧಾನವಾಗಿ ತಿನ್ನುತ್ತಿತ್ತು. ದಡದಲ್ಲಿ ಮಕ್ಕಳು ಆಡುವ ಸದ್ದು ನೀರಿನೊಳಗೂ ಕೇಳುತ್ತಿತ್ತು. ಅಷ್ಟು ಹತ್ತಿರ.

ಕಡಲ್ಗುದುರೆಯನ್ನು ಮೊದಲು ಕಂಡವಳು ನಾನು. ಬೆರಳುದ್ದದ್ದು. ಪಾಚಿಯ ಎಳೆಗೆ ಬಾಲ ಸುತ್ತಿಕೊಂಡು ಅಲೆ ಎಳೆದತ್ತ ವಾಲುತ್ತಿತ್ತು. ನೀರು ಹೋಗದ ಕವರಿನಲ್ಲಿ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದ ನಿನಗೆ ಬೆರಳು ಚಾಚಿ ತೋರಿಸಿದೆ. ತಲೆ ಎತ್ತಿದಾಗ ವೆಂಕಟೇಶಣ್ಣ, "ಹೊಟ್ಟೆ ದಪ್ಪ ಇದೆಯಲ್ಲ, ಅದು ಗಂಡು. ಮರಿ ಹೊರೋದು ಅದೇ" ಅಂದರು. "ಅಯ್ಯೋ, ನಮ್ಮನೆಯವರಿಗೆ ಇದನ್ನ ತೋರಿಸಲೇಬೇಕು ಕಣೇ!" ಅಂತ ನೀನು ನಕ್ಕ ನಗುವಿಗೆ ಮಾಸ್ಕಿನೊಳಗೆ ನೀರು ತುಂಬಿಕೊಂಡಿತ್ತು. ನಾವಿಬ್ಬರೂ ಒಟ್ಟಿಗೆ ಅಷ್ಟು ನಕ್ಕಿದ್ದು ಅದೇ ಕಡೆಯ ಸಲ.

ದಡದಲ್ಲಿ ಚಹಾ ಕುಡಿಯುವಾಗಲೂ ನಿನ್ನ ಫೋನಿನಲ್ಲಿ ವಿಡಿಯೋ ಓಡುತ್ತಲೇ ಇತ್ತು. ಆಗ ಅವರು ಕೇಳಿದ್ದು ಒಂದೇ ಒಂದು. "ವಿಡಿಯೋ ಯಾರಿಗೆ ಬೇಕಾದ್ರೂ ತೋರಿಸಿ. ಜಾಗ ಮಾತ್ರ ಹೇಳಬೇಡಿ. ಇವನ್ನ ಹಿಡಿದು ಒಣಗಿಸಿ ಮಾರೋರು ಕಾಯ್ತಾ ಇದ್ದಾರೆ." ನೀನು ಹೇಳಿದೆ, "ನನ್ನ ಮಗಳಾಣೆ ಅಣ್ಣ, ಹೇಳಲ್ಲ." ಆಣೆ ಹಾಕು ಅಂತ ಅವರು ಕೇಳಿರಲಿಲ್ಲ. ಎಂಟನೇ ಕ್ಲಾಸಿನ ವಚನಾಳನ್ನು ನೀನಾಗಿಯೇ ಮಧ್ಯೆ ಎಳೆದೆ.

ಫೆಬ್ರವರಿ ಮೊದಲ ವಾರದಲ್ಲಿ ನಿನ್ನ ಯೂಟ್ಯೂಬ್ ಚಾನಲ್ಲಿಗೆ ವಿಡಿಯೋ ಬಂತು, 'ಬಸುರಾದ ಗಂಡು' ಅಂತ. ಊರು, ಬೀಚು, ಯಾವ ಬಂಡೆಯ ಎಡಕ್ಕೆ ಎಷ್ಟು ಹೆಜ್ಜೆ, ಕೆಳಗೆ ಮ್ಯಾಪು. ನಾಲ್ಕು ಲಕ್ಷ ಜನ ನೋಡಿದರು.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ಆ ಮ್ಯಾಪು ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಪರದೆಯ ಮೇಲೆ ತೋರುತ್ತಿದ್ದದ್ದು ನನ್ನ ಬೆರಳು. ಕ್ಯಾಂಟೀನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸುತ್ತಾ ಮೆರೆದೆ. ನಾಲ್ಕು ದಿನ ಬೇಕಾಯಿತು ನನಗೆ, "ಜಾಗ ತೆಗೆದುಬಿಡೇ" ಅನ್ನಲು. "ಎಲ್ರೂ ಕಾಮೆಂಟಲ್ಲಿ ಅದನ್ನೇ ಕೇಳ್ತಾರೆ, ಹೇಳ್ದೆ ಇದ್ರೆ ಸುಳ್ಳು ಅಂತಾರೆ" ಅಂದೆ ನೀನು. ನಾನು ಮತ್ತೆ ಕೇಳಿದ್ದಕ್ಕೆ ನೀನು, ಟೇಬಲ್ಲಿನ ಸುತ್ತ ಎಲ್ಲರಿಗೂ ಕೇಳುವ ಹಾಗೆ, "ಸಮುದ್ರ ಏನು ನಿಮ್ಮಪ್ಪನ ಆಸ್ತಿನಾ?" ಅಂದೆ. ನಾನು ಬಾಯಿ ಮುಚ್ಚಿಕೊಂಡು ಅಂಗಿಗಳ ಹೊಲಿಗೆ ನೋಡತೊಡಗಿದೆ. ಸುಮ್ಮನಿದ್ದದ್ದು ಸ್ನೇಹಕ್ಕಾಗಿ ಅಂತ ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಹೆದರಿಕೆ ಅದು.

ಯುಗಾದಿ ಕಳೆದ ಮೇಲೆ ರಾಗಿಣಿ ಫೋನ್ ಮಾಡಿದಳು. ಪುಸ್ತಕದಲ್ಲಿ ನನ್ನ ನಂಬರಿತ್ತಲ್ಲ. ಟೆಂಪೋಗಳಲ್ಲಿ ಜನ ಬಂದು ಬಂಡೆಯ ಮೇಲೆಲ್ಲ ನಿಂತು ತುಳಿದರಂತೆ. ಇಬ್ಬರು ಬಾಟಲಿಯಲ್ಲಿ ಹನ್ನೊಂದು ಕಡಲ್ಗುದುರೆ ತುಂಬಿಕೊಂಡು ಸಿಕ್ಕಿಬಿದ್ದರಂತೆ. ಜಾಗ ತೋರಿಸಿದ್ದು ಶೆಡ್ಡಿನವನೇ ಅಂತ ಹೇಳಿ ಕೈ ತೊಳೆದುಕೊಂಡರಂತೆ. ಅರಣ್ಯ ಇಲಾಖೆಯ ಅಧಿಕಾರಿಗಳು ಶೆಡ್ಡಿಗೆ ಬೀಗ ಹಾಕಿದರು. ವೆಂಕಟೇಶಣ್ಣ ಪ್ರತಿ ಸೋಮವಾರ ಅವರ ಕಚೇರಿಗೆ ಹೋಗಿ ಸಹಿ ಮಾಡಿ ಬರಬೇಕು. ಯಾವುದೋ ವಿಡಿಯೋ ಇತ್ತಂತಲ್ಲ, ಯಾರದ್ದು ಅಂತ ಕೇಳಿದ್ದಕ್ಕೆ, "ಸಾವಿರ ಜನ ಬರ್ತಾರೆ ಸಾರ್, ನೆನಪಿಲ್ಲ" ಅಂದರಂತೆ. ನಮ್ಮ ಹೆಸರಿದ್ದ ಹಾಳೆಯನ್ನು ಹರಿದು ಒಲೆಗೆ ಹಾಕಿದ್ದನ್ನು ಮಗಳು ನೋಡಿದ್ದಾಳೆ. ನಂಬರನ್ನು ಅದಕ್ಕೂ ಮೊದಲೇ ಬರೆದಿಟ್ಟುಕೊಂಡಿದ್ದಳು. "ಅಪ್ಪ ಯಾಕೆ ನಿಮ್ಮನ್ನ ಕಾಪಾಡ್ತಿದ್ದಾರೋ ಗೊತ್ತಿಲ್ಲ ಆಂಟಿ" ಅಂದಳು. ನನಗೂ ಗೊತ್ತಿರಲಿಲ್ಲ.

ಅವತ್ತೇ ಓಡಿ ಬಂದೆ ನಿಮ್ಮನೆಗೆ. ಬೆಳ್ಳುಳ್ಳಿ ಸುಲಿಯುತ್ತಿದ್ದೆ ನೀನು. ಪೂರ್ತಿ ಕೇಳಿ, "ಅವರೇ ಹೆಸರು ಹೇಳಿಲ್ಲ ಅಂದ್ಮೇಲೆ ಬಿಡು ಮತ್ತೆ. ಯಾಕೆ ಸುಮ್ನೆ ಮೈಮೇಲೆ ಎಳ್ಕೋತೀಯ?" ಅಂದೆ. ನಿನ್ನ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ವಿಡಿಯೋ ಮಾಯ. ನಾನೆಂಥ ಪೆದ್ದಿ ಅಂದರೆ, ಪಾಪ, ಇವಳಿಗೆ ಪಶ್ಚಾತ್ತಾಪವಾಯಿತು ಅಂದುಕೊಂಡೆ. ಮರುದಿನ ಬಸ್ಸಿಗೆ ಕಾಯುವಾಗ ಹೊಳೆಯಿತು. ಜಾಗ ಹೊರಗೆ ಹಾಕಿದ್ದು ವೆಂಕಟೇಶಣ್ಣ ಅಲ್ಲ ಅನ್ನುವುದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ನೀನು ಅಳಿಸಿಹಾಕಿದ್ದೆ.

ಒಂದನ್ನು ಬಿಟ್ಟು. ಊರಿಂದ ವಾಪಸು ಬರುವಾಗ ರೈಲಿನಲ್ಲಿ ನೀನು ನನಗೆ ಪೂರ್ತಿ ರೆಕಾರ್ಡಿಂಗ್ ಕಳಿಸಿದ್ದೆ, ಕತ್ತರಿಸುವುದಕ್ಕೆ ಮೊದಲಿನದು. ಅದರಲ್ಲಿ ಚಹಾದ ಹೊತ್ತಿನ ಮಾತೆಲ್ಲ ಇದೆ. ಅವರು ಬೇಡಿಕೊಂಡದ್ದು, ನೀನು ಒಪ್ಪಿಕೊಂಡದ್ದು, ಪಕ್ಕದಲ್ಲಿ ನಾನು ಕೂತಿರುವುದು. ಅದನ್ನು ಅಧಿಕಾರಿಗಳಿಗೆ ತೋರಿಸೋಣ ಬಾ ಅಂತ ನಿನಗೆ ಮೆಸೇಜ್ ಹಾಕಿದೆ. ಅದಕ್ಕೆ ನಿನ್ನ ಉತ್ತರ ಆ ಬ್ಲಾಕ್.

ಏಪ್ರಿಲ್ ಕೊನೆಯಲ್ಲಿ ಒಬ್ಬಳೇ ಆ ಊರಿಗೆ ಹೋದೆ. ಕಚೇರಿಯಲ್ಲಿ ಕೂತು ಎಲ್ಲವನ್ನೂ ಹೇಳಿ, ರೆಕಾರ್ಡಿಂಗ್ ಕೊಟ್ಟು, ಹೇಳಿಕೆಗೆ ಸಹಿ ಹಾಕಿದೆ. ಸೌಂದರ್ಯಾ ನಿಮಗೇನಾಗಬೇಕು ಅಂತ ಕೇಳಿದರು. ಒಂದೇ ಕಡೆ ಕೆಲಸ ಮಾಡ್ತೀವಿ ಸಾರ್, ಅಂದೆ.

ಆಮೇಲೆ ರಾಗಿಣಿಯ ಮಾಸ್ಕ್ ಹಾಕಿಕೊಂಡು ನೀರಿಗಿಳಿದೆ. ಒಂದು ಗಂಟೆ ತೇಲಿದೆ. ಬಂಡೆಯ ಮೈ ಅಲ್ಲಲ್ಲಿ ಕಿತ್ತು ಬೆಳ್ಳಗಾಗಿತ್ತು. ಒಂದು ಹವಾಯಿ ಚಪ್ಪಲಿ, ಚಿಪ್ಸಿನ ಪೊಟ್ಟಣಗಳು. ಮೀನುಗಳು ನನ್ನ ನೆರಳು ಕಂಡರೆ ಸಂದಿಗೆ ನುಗ್ಗುತ್ತಿದ್ದವು. ಪಾಚಿಯ ಒಂದೊಂದು ಎಳೆಯನ್ನೂ ನೋಡಿದೆ, ಸೌಂದರ್ಯಾ. ಒಂದೂ ಕಾಣಲಿಲ್ಲ.

ವೆಂಕಟೇಶಣ್ಣನ ಮನೆಗೆ ಹೋಗಿ, ಹೇಳಿಕೆ ಕೊಟ್ಟು ಬಂದೆ ಅಣ್ಣ, ಅಂದೆ. ಹೊಗಳಿಕೆಯ ಆಸೆ ನನಗಿರಲಿಲ್ಲ ಅಂದರೆ ಸುಳ್ಳಾದೀತು. ಅವರು, "ಎರಡು ತಿಂಗಳು ತಡ ಆಯ್ತಲ್ಲಮ್ಮ" ಅಂದು ಒಳಗೆ ಹೋದರು. ಬೀಗ ತೆಗೆದಿದ್ದಾರಂತೆ ಈಗ. ಶೆಡ್ಡು ತೆರೆಯಲು ಅವರಿಗೇ ಮನಸ್ಸಿಲ್ಲವಂತೆ.

ನಿನಗೆ ಗೊತ್ತಿರಬೇಕಾದದ್ದು ಇದು. ಈ ವಾರ ನಿನಗೂ ನೋಟೀಸು ಬರುತ್ತದೆ, ಬರುವ ಬುಧವಾರ ಇಬ್ಬರೂ ಆ ಕಚೇರಿಗೆ ಹಾಜರಾಗಬೇಕು. ನನ್ನದು ನಿನ್ನೆ ಬಂತು. ನಿಮ್ಮತ್ತೆಯ ಕೈಲಿ "ಅವಳಿಲ್ಲ" ಅನ್ನಿಸಬೇಡ. ಕಾನೂನು ಏನು ಹೇಳುತ್ತದೋ ನನಗೆ ತಿಳಿಯದು. ನಾವು ಹಿಡಿದವರಲ್ಲ, ಕೊಂದವರಲ್ಲ ಅಂತ ಬಿಟ್ಟರೂ ಬಿಡಬಹುದು. ಬಿಟ್ಟರೆ ಮನೆಗೆ ಬಂದು ನೀನು ಹಾಯಾಗಿ ಊಟ ಮಾಡುತ್ತೀಯ ಅಂತ ನನಗೆ ಗೊತ್ತು. ನನ್ನನ್ನು ಸುಡುತ್ತಿರುವುದು ಅದೇ.

ನಾನು ಮಂಗಳವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ನೀನು ಬೇರೆ ಬಸ್ಸಿಗೆ ಬಾ.

ಕೆಮ್ಮಿಗೆ ಔಷಧಿ ತಗೋ. ಆರೋಗ್ಯವಾಗಿರು. ಇದಕ್ಕಿಂತ ಹೆಚ್ಚು ಹಾರೈಸಲು ಸದ್ಯಕ್ಕೆ ನನ್ನಿಂದಾಗದು.

ಇಂತಿ, ಒಂದು ಕಾಲದಲ್ಲಿ ನಿನ್ನವಳಾಗಿದ್ದ,
ಲತಾ